ಸಂಕ್ರಮಣ ಲೋಹಗಳ ನೈಟ್ರೈಡ್ ನ್ಯಾನೋಪುಡಿ: ಕುಲುಮೆಯಿಂದ ಪರೀಕ್ಷೆಯ ಮೇಜಿನವರೆಗೆ

ಲೋಹ ಮತ್ತು ಸಾರಜನಕ ಸೇರಿದ ಸಂಯುಕ್ತವೇ ನೈಟ್ರೈಡ್; ಅದರ ನ್ಯಾನೋಪುಡಿ ತಯಾರಿಸುವುದು ಹೊರನೋಟಕ್ಕೆ ಸುಲಭದ ಕೆಲಸ. ಲೋಹದ ಆಕ್ಸೈಡನ್ನು ಕೊಳವೆ ಕುಲುಮೆಯಲ್ಲಿಟ್ಟು ಅಮೋನಿಯಾ ಹರಿಸುತ್ತ ಬಿಸಿಮಾಡಿದರೆ ಕೆಲವು ಗಂಟೆಗಳಲ್ಲಿ ಕಪ್ಪು ಪುಡಿಯೊಂದು ಬಂದೇ ಬರುತ್ತದೆ. ಆ ಪುಡಿ ನಿಜವಾದ ನೈಟ್ರೈಡ್ ಹೌದೋ, ಇಲ್ಲ ಆಮ್ಲಜನಕವನ್ನು ಒಳಗೇ ಉಳಿಸಿಕೊಂಡ ಆಕ್ಸಿನೈಟ್ರೈಡೋ ಎಂಬುದನ್ನು ಮಾತ್ರ ಬಣ್ಣ ಹೇಳುವುದಿಲ್ಲ. ಬಹಳ ಸಲ ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ವಿವರ್ತನೆ, ಹರಳಿನ ರಚನೆ ತಿಳಿಸುವ ಪರೀಕ್ಷೆ) ನಕ್ಷೆಯೂ ಹೇಳುವುದಿಲ್ಲ. ಈ ಕೆಲಸದಲ್ಲಿ ಎದುರಾಳಿ ಒಂದೇ, ಅದು ಆಮ್ಲಜನಕ. ಮೂಲವಸ್ತುವಿನಿಂದ ಅದನ್ನು ಹೊರಹಾಕಬೇಕು, ಅನಿಲದ ಜೊತೆ ಒಳಬರದಂತೆ ತಡೆಯಬೇಕು, ಕೊನೆಗೆ ಎಷ್ಟು ಉಳಿಯಿತೆಂದು ಪ್ರಾಮಾಣಿಕವಾಗಿ ಅಳೆಯಬೇಕು. ಕೆಳಗಿನ ಹಂತಗಳೆಲ್ಲ ಈ ಮೂರರ ಸುತ್ತಲೇ ತಿರುಗುತ್ತವೆ.

ಈ ಬರಹ ಕುಲುಮೆ, ಅನಿಲ ಸಿಲಿಂಡರ್, ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಗೂಡು) ಇರುವ ಪ್ರಯೋಗಾಲಯದಲ್ಲಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರಿಗಾಗಿ. ಅವುಗಳಲ್ಲಿ ಯಾವುದು ಇಲ್ಲದಿದ್ದರೂ ಇದನ್ನು ಪ್ರಯತ್ನಿಸಬಾರದು.

ಯಾವ ನೈಟ್ರೈಡ್, ಯಾವ ದಾರಿ

ಟೈಟಾನಿಯಂ, ಜಿರ್ಕೋನಿಯಂ, ವನೇಡಿಯಂ, ನಯೋಬಿಯಂ, ಕ್ರೋಮಿಯಂ ಲೋಹಗಳ ಮಾನೋನೈಟ್ರೈಡ್‌ಗಳು ಸಾಮಾನ್ಯವಾಗಿ ಅಡುಗೆ ಉಪ್ಪಿನ ಸ್ಫಟಿಕ ರಚನೆಯವು. ಲೋಹದ ಪರಮಾಣುಗಳು ಒತ್ತಾಗಿ ಜೋಡಿಸಿಕೊಂಡಿರುತ್ತವೆ, ಅವುಗಳ ನಡುವಿನ ಸಂದುಗಳಲ್ಲಿ ಸಾರಜನಕ ಕುಳಿತಿರುತ್ತದೆ. ಅದೇ ಸಂದಿನಲ್ಲಿ ಆಮ್ಲಜನಕವೂ ಇಂಗಾಲವೂ ಕೂರಬಲ್ಲವು, ಕೆಲವು ಸಂದುಗಳು ಖಾಲಿಯೂ ಇರಬಲ್ಲವು. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್‌ನಲ್ಲಿ ಎರಡು ಲೋಹದ ಪರಮಾಣುಗಳಿಗೆ ಒಂದು ಸಾರಜನಕ ಇರುವ ಘನಾಕೃತಿಯ ನೈಟ್ರೈಡ್ ಸುಲಭವಾಗಿ ಸಿಗುತ್ತದೆ. ನಿಕಲ್, ಕೋಬಾಲ್ಟ್, ಕಬ್ಬಿಣದ ನೈಟ್ರೈಡ್‌ಗಳು ದುರ್ಬಲ. ನಿಕಲ್ ನೈಟ್ರೈಡನ್ನು 350ರಿಂದ 400 ಡಿಗ್ರಿ ಸೆಲ್ಸಿಯಸ್‌ನೊಳಗೇ ಮಾಡಿ ಮುಗಿಸಬೇಕು. ಅದನ್ನು ಮೀರಿದರೆ ಸಾರಜನಕ ಹಾರಿಹೋಗಿ ಬರೀ ನಿಕಲ್ ಉಳಿಯುತ್ತದೆ.

ತಯಾರಿಕೆಯ ದಾರಿಗಳು ಹಲವು. ಲೋಹದ ಪುಡಿಯನ್ನು ನೇರವಾಗಿ ಸಾರಜನಕದಲ್ಲಿ ಸುಡಬಹುದು, ಆದರೆ ಕಣಗಳು ದಪ್ಪವಾಗುತ್ತವೆ. ಲೋಹದ ಕ್ಲೋರೈಡನ್ನು ಲಿಥಿಯಂ ನೈಟ್ರೈಡ್‌ನಂಥ ವಸ್ತುವಿನೊಂದಿಗೆ ಉರಿಸುವ ಸ್ಥಾನಪಲ್ಲಟ ಕ್ರಿಯೆ ಕ್ಷಣಗಳಲ್ಲಿ ಮುಗಿಯುತ್ತದೆ, ಆದರೆ ಉಷ್ಣತೆ ಕೈಮೀರಿ ಏರುತ್ತದೆ. ಪ್ಲಾಸ್ಮಾ ವಿಧಾನದಲ್ಲಿ ಅತಿ ಸಣ್ಣ ಕಣಗಳು ಸಿಗುತ್ತವೆ, ಆದರೆ ಯಂತ್ರ ದುಬಾರಿ. ಚೆಂಡು ಗಿರಣಿಯಲ್ಲಿ ಅರೆಯುವ ವಿಧಾನಕ್ಕೆ ಗಿರಣಿಯ ಕಬ್ಬಿಣವೇ ಪುಡಿಗೆ ಸೇರುವ ದೋಷವಿದೆ. ಮೊದಲ ಬಾರಿ ಮಾಡುವವರು ಆಕ್ಸೈಡನ್ನು ಅಮೋನಿಯಾದಲ್ಲಿ ಕಾಯಿಸುವ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ಅದು ನಿಧಾನ, ಆದರೆ ಪ್ರತಿ ಹಂತದ ಮೇಲೂ ಹಿಡಿತ ಇರುತ್ತದೆ.

ಸಾರಜನಕ ಸಾಲದೇ, ಅಮೋನಿಯಾವೇ ಏಕೆ

ಸಾರಜನಕದ ಅಣುವಿನ ತ್ರಿಬಂಧವನ್ನು ಮುರಿಯಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ಅಷ್ಟು ಬಿಸಿ ಕೊಡುವ ಹೊತ್ತಿಗೆ ಸಣ್ಣ ಕಣಗಳೆಲ್ಲ ಬೆಸೆದುಕೊಂಡು ನ್ಯಾನೋ ಎಂಬ ಮಾತೇ ಉಳಿಯುವುದಿಲ್ಲ. ಅಮೋನಿಯಾ ಆಕ್ಸೈಡಿನ ಮೇಲ್ಮೈಯಲ್ಲಿ ಒಡೆದು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ: ಅದರ ಜಲಜನಕ ಆಮ್ಲಜನಕವನ್ನು ನೀರಾಗಿಸಿ ಹೊರಗೊಯ್ಯುತ್ತದೆ, ಸಾರಜನಕ ಖಾಲಿಯಾದ ಜಾಗಕ್ಕೆ ಬಂದು ಕೂರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸಮತೋಲನದ ಲೆಕ್ಕದ ಪ್ರಕಾರ 600 ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಅಮೋನಿಯಾ ಬಹುತೇಕ ಪೂರ್ತಿ ಸಾರಜನಕ ಮತ್ತು ಜಲಜನಕವಾಗಿ ಒಡೆದುಹೋಗಿರಬೇಕು. ಹಾಗೆ ಒಡೆದ ಅನಿಲ ಪುಡಿಗೆ ಹೆಚ್ಚು ಉಪಯೋಗವಿಲ್ಲ. ಒಡೆಯುವ ವೇಗ ಕಡಿಮೆ ಎಂಬುದೊಂದೇ ನಮ್ಮ ಪುಣ್ಯ. ಹೀಗಾಗಿ ಅನಿಲ ಬಿಸಿ ಪ್ರದೇಶದಲ್ಲಿ ಕಾಲಹರಣ ಮಾಡದೆ ತಾಜಾ ಸ್ಥಿತಿಯಲ್ಲೇ ಪುಡಿಯನ್ನು ಮುಟ್ಟಬೇಕು. ಬಿಸಿ ಭಾಗದಲ್ಲಿ ಕಬ್ಬಿಣ, ನಿಕಲ್, ಸ್ಟೀಲ್ ಇರಕೂಡದು, ಅವು ಅಮೋನಿಯಾ ಒಡೆಯುವ ವೇಗವರ್ಧಕಗಳು. ಕ್ವಾರ್ಟ್ಸ್ ಕೊಳವೆ, ಅಲ್ಯುಮಿನಾ ದೋಣಿ (ಪುಡಿ ಇಡುವ ಉದ್ದನೆಯ ತಟ್ಟೆ) ಸರಿಯಾದ ಆಯ್ಕೆ.

ಹರಿವಿನ ವಿಷಯದಲ್ಲಿ ಕೊಳವೆಯ ವ್ಯಾಸವನ್ನು ಮರೆಯುವವರೇ ಹೆಚ್ಚು. ನಿಮಿಷಕ್ಕೆ 200 ಮಿಲಿಲೀಟರ್ ಅನಿಲ 40 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ನಿಮಿಷಕ್ಕೆ ಸುಮಾರು 16 ಸೆಂಟಿಮೀಟರ್ ಸಾಗುತ್ತದೆ. ಅದೇ ಅನಿಲ 25 ಮಿಲಿಮೀಟರ್ ಕೊಳವೆಯಲ್ಲಿ 41 ಸೆಂಟಿಮೀಟರ್ ಸಾಗುತ್ತದೆ. ಇದು ಕೋಣೆಯ ಉಷ್ಣತೆಯ ಲೆಕ್ಕ. ಬೇರೊಬ್ಬರ ಪ್ರಬಂಧದಲ್ಲಿ ಹರಿವಿನ ಅಂಕಿ ಮಾತ್ರ ಇದ್ದು ವ್ಯಾಸ ಇಲ್ಲದಿದ್ದರೆ ಆ ಅಂಕಿಯನ್ನು ನಂಬಿ ನಕಲು ಮಾಡಬೇಡಿ.

ಅನಿಲದ ಸಾಲು ಮತ್ತು ಸುರಕ್ಷತೆ

ಸಿಲಿಂಡರ್‌ನಿಂದ ಹೊರಟ ಅಮೋನಿಯಾ ಈ ಕ್ರಮದಲ್ಲಿ ಸಾಗಲಿ: ಸ್ಟೇನ್‌ಲೆಸ್ ಸ್ಟೀಲ್ ರೆಗ್ಯುಲೇಟರ್, ತೇವ ಹೀರುವ ಕಂಬ, ಫ್ಲೋಮೀಟರ್, ಕುಲುಮೆಯ ಕೊಳವೆ, ಖಾಲಿ ಬಾಟಲಿ, ಎಣ್ಣೆಯ ಬಬ್ಲರ್, ಮತ್ತೊಂದು ಖಾಲಿ ಬಾಟಲಿ, ಆಮ್ಲದ ಬಾಟಲಿಗಳು, ಕೊನೆಗೆ ಫ್ಯೂಮ್ ಹುಡ್‌ನ ನಿಷ್ಕಾಸ. ಸಾಲಿನಲ್ಲಿ ಎಲ್ಲಿಯೂ ತಾಮ್ರ, ಹಿತ್ತಾಳೆ ಬೇಡ, ಅಮೋನಿಯಾ ಅವನ್ನು ತಿನ್ನುತ್ತದೆ. ಅಮೋನಿಯಾದ ಜಾಗಕ್ಕೆ ಒಂದು ತಿರುವಿನಲ್ಲಿ ಸಾರಜನಕ ಅಥವಾ ಆರ್ಗಾನ್ ಬರುವಂತೆ ಪಕ್ಕದಲ್ಲೇ ಇನ್ನೊಂದು ಸಾಲು ಇರಬೇಕು.

ತೇವ ಹೀರಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗುಳಿಗೆ ಅಥವಾ ಸುಟ್ಟ ಸುಣ್ಣವನ್ನು ತುಂಬಿ. ಪ್ರಯೋಗಾಲಯದಲ್ಲಿ ಕೈಗೆ ಸುಲಭವಾಗಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲಿ ಕೆಲಸಕ್ಕೆ ಬಾರದು, ಅದು ಅಮೋನಿಯಾವನ್ನೇ ಹಿಡಿದುಕೊಳ್ಳುತ್ತದೆ. ಗಂಧಕಾಮ್ಲ ಮತ್ತು ಫಾಸ್ಫರಸ್ ಪೆಂಟಾಕ್ಸೈಡ್ ಅಮೋನಿಯಾದೊಂದಿಗೆ ವರ್ತಿಸುತ್ತವೆ, ಅವೂ ಬೇಡ.

ಆಮ್ಲದ ಬಾಟಲಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ. ನಿಮಿಷಕ್ಕೆ 150 ಮಿಲಿಲೀಟರ್‌ನಂತೆ ಏರಿಕೆ, ನಿಲುಗಡೆ, ತಣಿಕೆ ಎಲ್ಲ ಸೇರಿ 14 ಗಂಟೆ ಹರಿಸಿದರೆ 126 ಲೀಟರ್, ಅಂದರೆ ಸುಮಾರು 5 ಮೋಲ್ ಅಮೋನಿಯಾ. 2 ಮೋಲಾರ್ ಗಂಧಕಾಮ್ಲದ 1 ಲೀಟರ್ ತಟಸ್ಥಗೊಳಿಸುವುದು 4 ಮೋಲ್ ಮಾತ್ರ. ಆದ್ದರಿಂದ ಒಂದೊಂದು ಲೀಟರಿನ ಎರಡು ಬಾಟಲಿಗಳನ್ನು ಸಾಲಾಗಿ ಇಡಬೇಕು. ಅಮೋನಿಯಾ ಆಮ್ಲದಲ್ಲಿ ಎಷ್ಟು ಆಸೆಯಿಂದ ಕರಗುತ್ತದೆಂದರೆ ದ್ರವ ಹಿಮ್ಮುಖವಾಗಿ ಕುಲುಮೆಯತ್ತ ಹೀರಲ್ಪಡಬಹುದು. ಖಾಲಿ ಬಾಟಲಿಗಳು ಇರುವುದು ಈ ಅಪಾಯ ತಡೆಯಲೆಂದೇ. ಬ್ಲೀಚಿಂಗ್ ದ್ರಾವಣವನ್ನು ಅಮೋನಿಯಾದ ಹತ್ತಿರವೂ ತರಬೇಡಿ, ವಿಷಕಾರಿ ಕ್ಲೋರಮೈನ್ ಹುಟ್ಟುತ್ತದೆ.

ಎಂಟು ಗಂಟೆಯ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪಿರುವ ಅಮೋನಿಯಾದ ಮಿತಿ ಗಾಳಿಯಲ್ಲಿ ದಶಲಕ್ಷಕ್ಕೆ 25 ಭಾಗ. ದಶಲಕ್ಷಕ್ಕೆ 300 ಭಾಗ ಮುಟ್ಟಿದರೆ ಅದು ಪ್ರಾಣಾಪಾಯದ ಮಟ್ಟ. ಮೂಗನ್ನು ನಂಬಿ ಕೂರುವುದು ಸರಿಯಲ್ಲ, ಅದು ಬೇಗ ಒಗ್ಗಿಹೋಗುತ್ತದೆ. ಎಚ್ಚರಿಕೆ ಗಂಟೆಯಿರುವ ಶೋಧಕ ಬೇಕು. ಅಮೋನಿಯಾ ಒಡೆದಾಗ ಹೊರಬರುವ ಜಲಜನಕ ಆಮ್ಲದಲ್ಲಿ ಕರಗುವುದಿಲ್ಲ, ನೇರ ನಿಷ್ಕಾಸಕ್ಕೆ ಹೋಗುತ್ತದೆ. ಗಾಳಿಯಲ್ಲಿ ಶೇ. 4ರಷ್ಟಾದರೂ ಅದು ಹೊತ್ತಿಕೊಳ್ಳಬಲ್ಲದು. ನಿಷ್ಕಾಸದ ಬಳಿ ಕಿಡಿ, ಜ್ವಾಲೆ ಇರದಂತೆ ನೋಡಿಕೊಳ್ಳಿ. ಬಿಸಿ ಕೊಳವೆಗೆ ಅಮೋನಿಯಾ ಬಿಡುವ ಮುನ್ನ ಒಳಗಿನ ಗಾಳಿ ಪೂರ್ತಿ ಹೊರಹೋಗಿರಬೇಕು, ಇದಕ್ಕೆ ವಿನಾಯಿತಿ ಇಲ್ಲ.

ಟೈಟಾನಿಯಂ ನೈಟ್ರೈಡ್: ಹಂತ ಹಂತವಾಗಿ

ಹಂತ 1. ಸುಮಾರು 20 ನ್ಯಾನೋಮೀಟರ್ ಕಣಗಳ ಟೈಟಾನಿಯಂ ಡೈಆಕ್ಸೈಡ್ ತೆಗೆದುಕೊಂಡು 120 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಮೂಲವಸ್ತು ಎಷ್ಟು ಸಣ್ಣದೋ ನೈಟ್ರೈಡ್ ಆಗಲು ಅಷ್ಟು ಕಡಿಮೆ ಉಷ್ಣತೆ ಸಾಕು. ಹಾಗಾಗಿ ಇಲ್ಲಿ ಪಟ್ಟ ಶ್ರಮದ ಫಲ ಕುಲುಮೆಯಲ್ಲಿ ಸಿಗುತ್ತದೆ.

ಹಂತ 2. ಖಾಲಿ ದೋಣಿಯನ್ನು ತೂಗಿ, 1 ಗ್ರಾಂ ಪುಡಿ ಹಾಕಿ, ಮತ್ತೆ ನಾಲ್ಕು ದಶಮಾಂಶದವರೆಗೆ ತೂಗಿ ಬರೆದಿಟ್ಟುಕೊಳ್ಳಿ. ಪುಡಿಯ ಪದರ 2 ಮಿಲಿಮೀಟರಿಗಿಂತ ದಪ್ಪ ಇರಬಾರದು. ದಪ್ಪ ಪದರದ ತಳದಲ್ಲಿ ಹುಟ್ಟಿದ ನೀರಾವಿ ಹೊರಬರಲಾರದೆ ಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ, ಕಣಗಳನ್ನು ಬೆಸೆಯುತ್ತದೆ. ದೋಣಿಯ ಮೇಲ್ಭಾಗ ಕಪ್ಪು, ತಳ ನೀಲಿಬೂದು ಬಂದರೆ ಕಾರಣ ಇದೇ.

ಹಂತ 3. ದೋಣಿಯನ್ನು ಕುಲುಮೆಯ ಸಮ ಉಷ್ಣತೆಯ ಪ್ರದೇಶದಲ್ಲಿಡಿ. ನಿರ್ವಾತ ಮಾಡಿ ಆರ್ಗಾನ್ ತುಂಬುವುದನ್ನು ಮೂರು ಬಾರಿ ಮಾಡಿ. ನಿರ್ವಾತದಲ್ಲಿ ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿ. ಸೋರಿಕೆ ಇದ್ದರೆ ಇಲ್ಲೇ ಸಿಕ್ಕಿಬೀಳಬೇಕು. ನಂತರ ಅರ್ಧ ಗಂಟೆ ಆರ್ಗಾನ್ ಹರಿಸಿ.

ಹಂತ 4. ತಣ್ಣಗಿರುವಾಗಲೇ ಅಮೋನಿಯಾಗೆ ತಿರುಗಿಸಿ. 25 ಮಿಲಿಮೀಟರ್ ಕೊಳವೆಗೆ ನಿಮಿಷಕ್ಕೆ 150 ಮಿಲಿಲೀಟರ್ ಒಳ್ಳೆಯ ಆರಂಭ. ಲೆಕ್ಕದ ಪ್ರಕಾರ 6 ಅಣು ಟೈಟಾನಿಯಂ ಡೈಆಕ್ಸೈಡ್‌ಗೆ 8 ಅಣು ಅಮೋನಿಯಾ ಸಾಕು. ಅಂದರೆ 1 ಗ್ರಾಂ ಪುಡಿಗೆ ಬರೀ 400 ಮಿಲಿಲೀಟರ್. ನಾವು ನೂರು ಪಟ್ಟಿಗೂ ಹೆಚ್ಚು ಹರಿಸುತ್ತಿದ್ದೇವೆ. ಇದು ದುಂದು ಅನ್ನಿಸಿದರೂ ನೀರಾವಿಯನ್ನು ಕೂಡಲೇ ಗುಡಿಸಿಕೊಂಡು ಹೋಗಲು ಬೇರೆ ಉಪಾಯವಿಲ್ಲ.

ಹಂತ 5. 500 ಡಿಗ್ರಿಯವರೆಗೆ ನಿಮಿಷಕ್ಕೆ 5 ಡಿಗ್ರಿ, ಅಲ್ಲಿಂದ 900 ಡಿಗ್ರಿಯವರೆಗೆ 2 ಡಿಗ್ರಿಯಂತೆ ಏರಿಸಿ, 5 ಗಂಟೆ ಹಿಡಿದಿಡಿ. ಅತಿ ಸಣ್ಣ ಮೂಲಪುಡಿಯಾದರೆ 800 ಡಿಗ್ರಿಯಲ್ಲೂ ಆಗುತ್ತದೆ, ದಪ್ಪ ಕಣಗಳಾದರೆ 1000 ಬೇಕಾಗುತ್ತದೆ. ಉಷ್ಣತೆ ಏರಿಸಿದಷ್ಟೂ ಆಮ್ಲಜನಕ ಕಡಿಮೆಯಾಗುತ್ತದೆ, ಕಣ ದೊಡ್ಡದಾಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲಾಗದು. ಬೇಕಾದದ್ದು ಶುದ್ಧತೆಯೋ ಮೇಲ್ಮೈ ವಿಸ್ತೀರ್ಣವೋ ಎಂದು ಮೊದಲೇ ನಿರ್ಧರಿಸಿ.

ಹಂತ 6. ಅಮೋನಿಯಾ ಹರಿಯುತ್ತಿರುವಾಗಲೇ ತಣಿಸಿ. 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ಆರ್ಗಾನ್‌ಗೆ ತಿರುಗಿಸಿ ಒಂದು ಗಂಟೆ ಹರಿಸಿ. ಕೊಳವೆಯನ್ನು ಇನ್ನೂ ತೆರೆಯಬೇಡಿ.

ಪುಡಿ ಬಂಗಾರದ ಬಣ್ಣ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಟೈಟಾನಿಯಂ ನೈಟ್ರೈಡಿನ ಹೊನ್ನಿನ ಹೊಳಪು ಲೇಪನಗಳಿಗೆ, ದಪ್ಪ ಗಟ್ಟಿಗಳಿಗೆ ಸೇರಿದ್ದು; ನ್ಯಾನೋಪುಡಿ ಕಪ್ಪಾಗಿಯೋ ನೀಲಿಗಪ್ಪಾಗಿಯೋ ಇರುತ್ತದೆ. ಬಣ್ಣದಿಂದಲೇ ಪ್ರಗತಿ ತಿಳಿಯಬೇಕೆಂಬ ಆಸೆ ಇದ್ದವರು ಟ್ಯಾಂಟಲಂ ಹಿಡಿಯಬೇಕು. ಅದರ ಆಕ್ಸೈಡ್ ಬಿಳಿ, ಆಕ್ಸಿನೈಟ್ರೈಡ್ ಹಳದಿ, ಅಮೋನಿಯಾದಲ್ಲಿ ಸುಮಾರು 850 ಡಿಗ್ರಿಗೆ ಸಿಗುವ ನೈಟ್ರೈಡ್ ಕೆಂಪು.

ವನೇಡಿಯಂ, ಮಾಲಿಬ್ಡಿನಂಗೆ ಬೇಕಾದ ಬದಲಾವಣೆ

ವನೇಡಿಯಂ ಪೆಂಟಾಕ್ಸೈಡ್ 690 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಟೈಟಾನಿಯಂನ ಕಾರ್ಯಕ್ರಮವನ್ನು ಅವಸರದಲ್ಲಿ ಇದಕ್ಕೂ ಹಾಕಿದರೆ ದೋಣಿಯ ತಳಕ್ಕೆ ಅಂಟಿದ ಗಟ್ಟಿ ಸಿಗುತ್ತದೆ. ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ 450ರಿಂದ 500 ಡಿಗ್ರಿಯಲ್ಲಿ ಎರಡು ಗಂಟೆ ನಿಲ್ಲಿಸಿ. ಅಷ್ಟರಲ್ಲಿ ಅದು ಕೆಳ ಹಂತದ ಆಕ್ಸೈಡ್‌ಗಳಿಗೆ ಇಳಿದಿರುತ್ತದೆ, ಅವು ಸುಲಭಕ್ಕೆ ಕರಗುವಂಥವಲ್ಲ. ಆಮೇಲೆ 700ರಿಂದ 800 ಡಿಗ್ರಿಗೆ ಹೋಗಬಹುದು. ಪೆಂಟಾಕ್ಸೈಡಿನ ದೂಳು ವಿಷಕಾರಿ, ತೂಗುವುದೂ ಹುಡ್‌ನೊಳಗೇ ಆಗಬೇಕು.

ಮಾಲಿಬ್ಡಿನಂ ಟ್ರೈಆಕ್ಸೈಡಿನ ಕಥೆಯೇ ಬೇರೆ. ಬಿಸಿ ಹೆಚ್ಚಾದರೆ ಅದು ಆವಿಯಾಗಿ ಕೊಳವೆಯ ತಣ್ಣನೆಯ ತುದಿಯಲ್ಲಿ ಹರಳಾಗಿ ಕೂರುತ್ತದೆ. ಆದರೆ ನಿಧಾನವಾಗಿ ಏರಿಸಿದರೆ ಈ ಇಡೀ ವಿದ್ಯೆಯ ಅತ್ಯಂತ ಸುಂದರ ಫಲಿತಾಂಶ ಸಿಗುತ್ತದೆ. 1985ರಲ್ಲಿ ವೋಲ್ಪೆ ಮತ್ತು ಬೂಡಾರ್ ತೋರಿಸಿದ ದಾರಿ ಇದು: ಆಕ್ಸೈಡಿನ ಹಾಳೆಯಂಥ ಹರಳು ತನ್ನ ಹೊರ ಆಕಾರ ಬಿಡದೆ, ಒಳಗೆಲ್ಲ ಸೂಕ್ಷ್ಮ ರಂಧ್ರಗಳಾಗಿ, ಗ್ರಾಂಗೆ 200 ಚದರ ಮೀಟರನ್ನು ಮೀರಿದ ಮೇಲ್ಮೈಯುಳ್ಳ ನೈಟ್ರೈಡ್ ಆಗಿಬಿಡುತ್ತದೆ. ನಿರ್ಣಾಯಕ ಪ್ರದೇಶ 350ರಿಂದ 450 ಡಿಗ್ರಿ. ಅಲ್ಲಿ ನಿಮಿಷಕ್ಕೆ 1 ಡಿಗ್ರಿಗಿಂತ ಕಡಿಮೆ ವೇಗ, ಧಾರಾಳ ಅಮೋನಿಯಾ, ಸ್ವಲ್ಪವೇ ಪುಡಿ ಇರಬೇಕು. ನಂತರ 700 ಡಿಗ್ರಿಯವರೆಗೆ 2ರಿಂದ 3 ಡಿಗ್ರಿಯಂತೆ ಏರಿಸಬಹುದು. ಆ ನೂರು ಡಿಗ್ರಿಯಲ್ಲಿ ತೋರಿದ ಅವಸರವನ್ನು ಮುಂದೆ ಯಾವುದೂ ಸರಿಪಡಿಸುವುದಿಲ್ಲ.

ಅಮೋನಿಯಾ ಇಲ್ಲದವರಿಗೆ ಯೂರಿಯಾ

ಅಮೋನಿಯಾ ಸಿಲಿಂಡರ್ ಇಡಲು ಅನುಮತಿ ಇಲ್ಲದ ಕಡೆ ಯೂರಿಯಾ ದಾರಿ ಉಪಯುಕ್ತ. ಲೋಹದ ಕ್ಲೋರೈಡನ್ನು ಎಥನಾಲ್‌ನಲ್ಲಿ ಕರಗಿಸಿ, ಯೂರಿಯಾ ಸೇರಿಸಿ, ಸ್ನಿಗ್ಧವಾದ ಗಾಜಿನಂಥ ಜೆಲ್ ಮಾಡಿಕೊಂಡು, ಸಾರಜನಕದ ಹರಿವಿನಲ್ಲಿ 800 ಡಿಗ್ರಿಗೆ ಕಾಯಿಸುವ ವಿಧಾನವನ್ನು ಜೋರ್ಡಾನೋ, ಆಂಟೊನಿಯೆಟ್ಟಿ ಮತ್ತವರ ಸಹೋದ್ಯೋಗಿಗಳು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಬೆಳೆಸಿದರು. ಯೂರಿಯಾ ಒಡೆದು ಅಮೋನಿಯಾವನ್ನು ಒಳಗಿಂದಲೇ ಒದಗಿಸುತ್ತದೆ. ಹಾಗಾಗಿ ನಿಷ್ಕಾಸ, ಆಮ್ಲದ ಬಾಟಲಿ ಇಲ್ಲಿಯೂ ಬೇಕು. ಯೂರಿಯಾ ಪ್ರಮಾಣ ಕಡಿಮೆಯಾದರೆ ಮಾಲಿಬ್ಡಿನಂ, ಟಂಗ್‌ಸ್ಟನ್‌ಗಳಲ್ಲಿ ನೈಟ್ರೈಡ್ ಬರುತ್ತದೆ. ಹೆಚ್ಚಾದರೆ ಇಂಗಾಲ ಮೇಲುಗೈ ಪಡೆದು ಕಾರ್ಬೈಡ್ ಬರುತ್ತದೆ.

ಎರಡು ಎಚ್ಚರಿಕೆಗಳು. ಟೈಟಾನಿಯಂ ಟೆಟ್ರಾಕ್ಲೋರೈಡ್ ತೇವ ತಾಗಿದೊಡನೆ ಹೈಡ್ರೋಜನ್ ಕ್ಲೋರೈಡ್ ಹೊಗೆಯಾಡುತ್ತದೆ. ಅದನ್ನು ತಣ್ಣಗಿರುವ ಎಥನಾಲ್‌ಗೆ ಹನಿಹನಿಯಾಗಿ ಹಾಕಬೇಕೇ ಹೊರತು ಎಥನಾಲನ್ನು ಅದಕ್ಕೆ ಸುರಿಯಬಾರದು. ಇನ್ನೊಂದು, ಕ್ಲೋರೈಡ್ ಬಳಸಿದಾಗಲೆಲ್ಲ ಹುಟ್ಟುವ ನವಸಾಗರ (ಅಮೋನಿಯಂ ಕ್ಲೋರೈಡ್) ಸುಮಾರು 340 ಡಿಗ್ರಿಯಲ್ಲಿ ಆವಿಯಾಗಿ ಹೊರದಾರಿಯ ತಣ್ಣನೆಯ ಕೊಳವೆಯಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹೊರದಾರಿ ಕಿರಿದಾಗಿದ್ದರೆ ಅದು ಬಿರಡೆಯಾಗಿ ಒಳಗೆ ಒತ್ತಡ ಏರುತ್ತದೆ. ಅಗಲವಾದ ಹೊರದಾರಿ, ಒತ್ತಡ ಬಿಡುಗಡೆಯ ಕವಾಟ ಎರಡೂ ಇರಲಿ. ಬಬ್ಲರ್‌ನ ಗುಳ್ಳೆಗಳ ಮೇಲೆ ಕಣ್ಣಿಟ್ಟಿರಿ. ಯೂರಿಯಾ ದಾರಿಯ ಪುಡಿಯಲ್ಲಿ ಬಿಡಿ ಇಂಗಾಲ ಉಳಿದೇ ಇರುತ್ತದೆ ಎಂದು ಭಾವಿಸಿ ಪರೀಕ್ಷೆಗೆ ಹೋಗಿ.

ಗಾಳಿಗೆ ತೋರಿಸುವ ಮುನ್ನ

ಹೊಸ ನೈಟ್ರೈಡ್ ನ್ಯಾನೋಪುಡಿಯನ್ನು ಏಕಾಏಕಿ ಗಾಳಿಗೆ ತೆರೆದರೆ ಕೆಂಪಗೆ ಕೆಂಡವಾಗಿ ಉರಿದು ಆಕ್ಸೈಡ್ ಆಗಬಹುದು. ಹೆಚ್ಚು ರಂಧ್ರಗಳ ಮಾಲಿಬ್ಡಿನಂ ನೈಟ್ರೈಡ್ ಈ ವಿಷಯದಲ್ಲಿ ತೀರಾ ಮುಂಗೋಪಿ. ಆದ್ದರಿಂದ ಕೋಣೆಯ ಉಷ್ಣತೆಯಲ್ಲಿ, ಶೇ. 0.5ರಿಂದ 1ರಷ್ಟು ಆಮ್ಲಜನಕ ಬೆರೆತ ಆರ್ಗಾನನ್ನು ಹಲವು ಗಂಟೆ ನಿಧಾನವಾಗಿ ಹರಿಸಿ. ಪುಡಿಯ ಪಕ್ಕ ಉಷ್ಣಮಾಪಕ ಇಟ್ಟು, ಉಷ್ಣತೆ ಕೆಲವು ಡಿಗ್ರಿ ಏರಿದರೂ ಹರಿವನ್ನು ಬರೀ ಆರ್ಗಾನ್‌ಗೆ ತಿರುಗಿಸಿ. ಮೇಲ್ಮೈಯಲ್ಲಿ ಒಂದೆರಡು ನ್ಯಾನೋಮೀಟರ್ ಆಕ್ಸೈಡ್ ಪದರ ಕಟ್ಟಿದ ಮೇಲೆ ಪುಡಿ ಶಾಂತವಾಗುತ್ತದೆ.

ಈ ತೆಳು ಪದರದ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರು ಕಡಿಮೆ. ಗ್ರಾಂಗೆ 50 ಚದರ ಮೀಟರ್ ಮೇಲ್ಮೈಯುಳ್ಳ ಟೈಟಾನಿಯಂ ನೈಟ್ರೈಡ್ ಮೇಲೆ 1 ನ್ಯಾನೋಮೀಟರ್ ದಪ್ಪದ ಡೈಆಕ್ಸೈಡ್ ಕಟ್ಟಿತೆನ್ನಿ. ಗಾತ್ರ 0.05 ಘನ ಸೆಂಟಿಮೀಟರ್, ತೂಕ ಸುಮಾರು 0.2 ಗ್ರಾಂ, ಅದರಲ್ಲಿ ಆಮ್ಲಜನಕದ ಪಾಲು ಶೇ. 40. ಅಂದರೆ ಇಡೀ ಪುಡಿಯ ತೂಕದಲ್ಲಿ ಶೇ. 7ರಿಂದ 8ರಷ್ಟು ಆಮ್ಲಜನಕ ಬರೀ ಹೊದಿಕೆಯಿಂದಲೇ ಬಂದಿತು. ಆಮ್ಲಜನಕವೇ ಇಲ್ಲದ, ಗಾಳಿ ಕಂಡ ನೈಟ್ರೈಡ್ ನ್ಯಾನೋಪುಡಿ ಎಂದು ಯಾರಾದರೂ ಹೇಳಿಕೊಂಡರೆ ಅವರ ಅಳತೆಯನ್ನು ಅನುಮಾನಿಸುವುದೇ ನ್ಯಾಯ. ನಿಜವಾದ ಪ್ರಶ್ನೆ ಆಮ್ಲಜನಕ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು: ಹೊದಿಕೆಯಲ್ಲೋ, ಜಾಲಕದೊಳಗೋ (ಹರಳಿನ ಒಳಗಿನ ಪರಮಾಣುಗಳ ಜೋಡಣೆಯೊಳಗೋ)?

ಪರೀಕ್ಷೆ: ತಕ್ಕಡಿಯಿಂದ ಆರಂಭಿಸಿ

ದುಬಾರಿ ಯಂತ್ರಗಳ ಸರದಿಗೆ ನಿಲ್ಲುವ ಮುನ್ನ ದೋಣಿಯನ್ನು ತೂಗಿ. ಟೈಟಾನಿಯಂ ಡೈಆಕ್ಸೈಡ್ ಪೂರ್ತಿ ನೈಟ್ರೈಡ್ ಆದರೆ ತೂಕ ಶೇ. 22.5 ಇಳಿಯಬೇಕು. ವನೇಡಿಯಂ ಪೆಂಟಾಕ್ಸೈಡ್‌ನಲ್ಲಿ ಈ ಇಳಿಕೆ ಶೇ. 28.6; ಮಾಲಿಬ್ಡಿನಂ ಟ್ರೈಆಕ್ಸೈಡ್ ಎರಡಕ್ಕೊಂದರ ನೈಟ್ರೈಡ್ ಆದಾಗ ಶೇ. 28.5. ಇಳಿಕೆ ಇದಕ್ಕಿಂತ ಬಹಳ ಕಡಿಮೆ ಇದ್ದರೆ ಪುಡಿಯನ್ನು ಅರೆದು ಮತ್ತೆ ಕುಲುಮೆಗೆ ಹಾಕಿ. ಹೆಚ್ಚಿದ್ದರೆ ಮೂಲವಸ್ತು ಒದ್ದೆಯಿತ್ತು, ಇಲ್ಲ ಆವಿಯಾಗಿ ಹೋಗಿದೆ.

ಎಕ್ಸ್‌ಆರ್‌ಡಿ ಮತ್ತು ಅದರ ಮಿತಿ

ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಟೈಟಾನಿಯಂ ನೈಟ್ರೈಡಿನ ಶೃಂಗಗಳು 2 ಥೀಟಾ 36.7, 42.6, 61.8, 74.1 ಮತ್ತು 78.0 ಡಿಗ್ರಿಗಳಲ್ಲಿ ಬರುತ್ತವೆ. ಕ್ರಮವಾಗಿ (111), (200), (220), (311), (222) ತಲಗಳು. ಹೋಲಿಕೆಗೆ ಬಳಸುವ ಮಾನಕ ನಕ್ಷೆಯ ಕಾರ್ಡ್ 38-1420. ಶೃಂಗಗಳು ಸರಿಯಾದ ಜಾಗದ ಹತ್ತಿರ ಇವೆ, ಹೆಚ್ಚಿನ ಶೃಂಗ ಇಲ್ಲ ಎಂದ ಮಾತ್ರಕ್ಕೆ ಶುದ್ಧ ನೈಟ್ರೈಡ್ ಎಂದು ಬರೆದುಬಿಡುವುದು ಈ ಕ್ಷೇತ್ರದ ಹಳೆಯ ಚಾಳಿ. ಟೈಟಾನಿಯಂ ಮಾನಾಕ್ಸೈಡಿಗೂ ಅದೇ ಉಪ್ಪಿನ ರಚನೆ. ನೈಟ್ರೈಡಿನ ಜಾಲಕ ಸ್ಥಿರಾಂಕ (ಜಾಲಕದ ಒಂದು ಘಟಕದ ಅಂಚಿನ ಉದ್ದ) 4.24 ಆಂಗ್‌ಸ್ಟ್ರಾಂ, ಮಾನಾಕ್ಸೈಡಿನದು ಸುಮಾರು 4.18. ಆಕ್ಸಿನೈಟ್ರೈಡ್ ಇವೆರಡರ ನಡುವೆ ಎಲ್ಲಾದರೂ ನಿಲ್ಲುತ್ತದೆ. ಜಾಲಕ 4.20 ಆದರೆ (220) ಶೃಂಗ 61.8ರಿಂದ 62.5ಕ್ಕೆ ಸರಿಯುತ್ತದೆ. ಅಗಲವಾದ ನ್ಯಾನೋ ಶೃಂಗದಲ್ಲಿ ಇದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಪುಡಿಗೆ ಸ್ವಲ್ಪ ಸಿಲಿಕಾನ್ ಬೆರೆಸಿ ಒಳಮಾನಕ ಮಾಡಿಕೊಂಡು, ಎಲ್ಲ ಶೃಂಗಗಳನ್ನೂ ಸೇರಿಸಿ ಜಾಲಕವನ್ನು ಲೆಕ್ಕಹಾಕಬೇಕು.

ಅಷ್ಟಾದರೂ ಒಂದು ಬಲೆ ಉಳಿಯುತ್ತದೆ. ಟೈಟಾನಿಯಂ ಕಾರ್ಬೈಡಿನ ಜಾಲಕ 4.33 ಆಂಗ್‌ಸ್ಟ್ರಾಂ. ಆಮ್ಲಜನಕ ಜಾಲಕವನ್ನು ಕುಗ್ಗಿಸುತ್ತದೆ, ಇಂಗಾಲ ಹಿಗ್ಗಿಸುತ್ತದೆ. ಎರಡೂ ಸೇರಿದಾಗ ಅಂಕಿ ಮತ್ತೆ 4.24ಕ್ಕೆ ಬಂದು ನಿಂತು ನಮ್ಮನ್ನು ಮೋಸಗೊಳಿಸಬಹುದು. ಯೂರಿಯಾ ದಾರಿಯ ಪುಡಿಗೆ ಎಕ್ಸ್‌ಆರ್‌ಡಿಯೊಂದೇ ಸಾಕ್ಷಿಯಾಗದಿರುವುದು ಈ ಕಾರಣಕ್ಕೆ.

ಹರಳಿನ ಗಾತ್ರಕ್ಕೆ ಷೆರರ್ ಸೂತ್ರ ಬಳಸಿ: 0.9 ಮತ್ತು ತರಂಗದೂರದ ಗುಣಲಬ್ಧವನ್ನು, ರೇಡಿಯನ್‌ನಲ್ಲಿರುವ ಅರ್ಧ ಎತ್ತರದ ಅಗಲ ಮತ್ತು ಥೀಟಾದ ಕೊಸೈನ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ಯಂತ್ರದ ಪಾಲನ್ನು ಕಳೆದ ಮೇಲೆ 42.6 ಡಿಗ್ರಿಯ ಶೃಂಗದ ಅಗಲ 0.85 ಡಿಗ್ರಿ ಇದ್ದರೆ ಗಾತ್ರ ಸುಮಾರು 10 ನ್ಯಾನೋಮೀಟರ್. ಜಾಲಕದ ಒತ್ತಡ, ಖಾಲಿ ಸಂದುಗಳು ಕೂಡ ಶೃಂಗವನ್ನು ಅಗಲಿಸುತ್ತವೆ, ಆದ್ದರಿಂದ ಗಾತ್ರದ ಪಾಲನ್ನೂ ಒತ್ತಡದ ಪಾಲನ್ನೂ ಬೇರೆ ಮಾಡುವ ವಿಲಿಯಮ್ಸನ್–ಹಾಲ್ ನಕ್ಷೆಯನ್ನೂ ಬಿಡಿಸಿ ನೋಡಿ.

ಮೇಲ್ಮೈ ವಿಸ್ತೀರ್ಣ

ಬಿಇಟಿ ಅಳತೆಗೆ (ಮೇಲ್ಮೈಗೆ ಅಂಟುವ ಸಾರಜನಕದಿಂದ ವಿಸ್ತೀರ್ಣ ತಿಳಿಯುವ ವಿಧಾನ) ಮುನ್ನ ಪುಡಿಯನ್ನು 150 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿ, ತಣಿದ ಮೇಲೆ ಸಾರಜನಕ ತುಂಬಿಯೇ ಹೊರತೆಗೆಯಿರಿ. ಕಣಗಳು ಗೋಳಾಕಾರ ಎಂದಿಟ್ಟುಕೊಂಡರೆ ನ್ಯಾನೋಮೀಟರ್‌ನಲ್ಲಿ ವ್ಯಾಸ ಎಂದರೆ 6000ವನ್ನು ಸಾಂದ್ರತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದ್ದು. ಟೈಟಾನಿಯಂ ನೈಟ್ರೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 5.4 ಗ್ರಾಂ, ವಿಸ್ತೀರ್ಣ ಗ್ರಾಂಗೆ 50 ಚದರ ಮೀಟರ್ ಆದರೆ ವ್ಯಾಸ 22 ನ್ಯಾನೋಮೀಟರ್. ಎಕ್ಸ್‌ಆರ್‌ಡಿ 10 ಎನ್ನುತ್ತದೆ, ಬಿಇಟಿ 22 ಎನ್ನುತ್ತದೆ: ಯಾರೂ ತಪ್ಪಿಲ್ಲ, ಹರಳುಗಳು ಒಂದಕ್ಕೊಂದು ಬೆಸೆದುಕೊಂಡಿವೆ ಎಂದಷ್ಟೇ ಅರ್ಥ.

ಸಾರಜನಕ, ಆಮ್ಲಜನಕ, ಇಂಗಾಲದ ಲೆಕ್ಕ

ತೀರ್ಪು ಹೇಳುವ ಅಳತೆ ಜಡಾನಿಲದಲ್ಲಿ ಪುಡಿಯನ್ನು ಕರಗಿಸುವ ವಿಧಾನದ್ದು. ಪುಡಿಯನ್ನು ಲೋಹದ ಕವಚದಲ್ಲಿಟ್ಟು ಗ್ರಾಫೈಟ್ ಮೂಸೆಯಲ್ಲಿ 2000 ಡಿಗ್ರಿಗೂ ಮೀರಿ ಕಾಯಿಸಿದಾಗ ಆಮ್ಲಜನಕ ಇಂಗಾಲದ ಆಕ್ಸೈಡ್‌ಗಳಾಗಿ, ಸಾರಜನಕ ಅಣುರೂಪದಲ್ಲಿ ಹೊರಬರುತ್ತವೆ; ಒಂದನ್ನು ಅವಕೆಂಪು ಶೋಧಕ, ಇನ್ನೊಂದನ್ನು ಉಷ್ಣವಾಹಕತೆಯ ಶೋಧಕ ಅಳೆಯುತ್ತದೆ. ಸೈದ್ಧಾಂತಿಕ ಸಾರಜನಕ ಟೈಟಾನಿಯಂ ನೈಟ್ರೈಡಿನಲ್ಲಿ ಶೇ. 22.6, ವನೇಡಿಯಂ ನೈಟ್ರೈಡಿನಲ್ಲಿ ಶೇ. 21.6, ಮಾಲಿಬ್ಡಿನಂ ನೈಟ್ರೈಡಿನಲ್ಲಿ ಶೇ. 6.8. ಸಾವಯವ ವಸ್ತುಗಳಿಗೆಂದು ಇರುವ, ಇಂಗಾಲ, ಜಲಜನಕ, ಸಾರಜನಕ ಅಳೆಯುವ ಸಾಮಾನ್ಯ ಸಿಎಚ್‌ಎನ್ ಯಂತ್ರಕ್ಕೆ ಕೊಟ್ಟರೆ ಇಂಥ ಹಟಮಾರಿ ಪುಡಿ ಪೂರ್ತಿ ಉರಿಯದೆ ಸಾರಜನಕ ಕಡಿಮೆ ತೋರಿಸಬಹುದು. ದಹನಕ್ಕೆ ನೆರವಾಗಲು ವನೇಡಿಯಂ ಪೆಂಟಾಕ್ಸೈಡ್ ಬೆರೆಸಲು ಹೇಳಿ.

ಕಾಯಿಸುತ್ತ ತೂಕದ ಬದಲಾವಣೆ ಅಳೆಯುವ ಟಿಜಿಎ ಸುಲಭದ ಅಡ್ಡಪರೀಕ್ಷೆ. ಗಾಳಿಯಲ್ಲಿ 1000 ಡಿಗ್ರಿಯವರೆಗೆ ಕಾಯಿಸಿದರೆ ಶುದ್ಧ ಟೈಟಾನಿಯಂ ನೈಟ್ರೈಡ್ ಶೇ. 29.1 ತೂಕ ಗಳಿಸಿ ಬಿಳಿ ಡೈಆಕ್ಸೈಡ್ ಆಗುತ್ತದೆ. 150 ಡಿಗ್ರಿಯಲ್ಲಿನ ತೂಕವನ್ನೇ ಆರಂಭ ಎಂದು ಹಿಡಿಯಿರಿ, ಅದಕ್ಕೂ ಮುಂಚಿನ ಇಳಿಕೆ ತೇವದ್ದು. ಮಾನಾಕ್ಸೈಡ್ ಗಳಿಸುವುದು ಶೇ. 25, ಕಾರ್ಬೈಡ್ ಶೇ. 33.4. ಇಲ್ಲಿಯೂ ಆಮ್ಲಜನಕ ಮತ್ತು ಇಂಗಾಲ ಪರಸ್ಪರ ಮುಚ್ಚಿಹಾಕುವುದನ್ನು ಗಮನಿಸಿ. ಮೇಲೆ ಹೇಳಿದ 1 ನ್ಯಾನೋಮೀಟರ್ ಹೊದಿಕೆಯ ಪುಡಿ ಸುಮಾರು ಶೇ. 23.5 ಮಾತ್ರ ಗಳಿಸುತ್ತದೆ, ಆದರೂ ಒಳಗಿನ ಜಾಲಕ ಶುದ್ಧವೇ ಇರುತ್ತದೆ. ಹೊದಿಕೆಯ ಪಾಲನ್ನು ಬಿಇಟಿಯಿಂದ ಅಂದಾಜಿಸಿ ಕಳೆಯದೆ ಟಿಜಿಎ ಅಂಕಿಗೆ ಅರ್ಥ ಕಟ್ಟಬೇಡಿ.

ಎಕ್ಸ್‌ಪಿಎಸ್, ಸೂಕ್ಷ್ಮದರ್ಶಕ, ರಾಮನ್

ಎಕ್ಸ್‌ಪಿಎಸ್ (ಎಕ್ಸ್-ಕಿರಣ ಬಿದ್ದಾಗ ಹೊರಬರುವ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ವಿಧಾನ) ನೋಡುವುದು ಮೇಲಿನ ಕೆಲವೇ ನ್ಯಾನೋಮೀಟರ್. ಟೈಟಾನಿಯಂನ 2ಪಿ ಶೃಂಗ ನೈಟ್ರೈಡಿನಲ್ಲಿ ಸುಮಾರು 455, ಆಕ್ಸಿನೈಟ್ರೈಡಿನಲ್ಲಿ 456.5ರಿಂದ 457, ಡೈಆಕ್ಸೈಡಿನಲ್ಲಿ 458.6 ಎಲೆಕ್ಟ್ರಾನ್ ವೋಲ್ಟ್ ಬಳಿ ಬರುತ್ತದೆ. ನೈಟ್ರೈಡ್ ಸಾರಜನಕದ 1ಎಸ್ ಶೃಂಗ 397ರ ಹತ್ತಿರ. ಮೂರೂ ಕಾಣಿಸುವುದು ಸಹಜ. ಆರ್ಗಾನ್ ಅಯಾನುಗಳಿಂದ ಕೆರೆದು ಒಳಗೆ ನೋಡೋಣ ಎನ್ನುವವರಿಗೆ ಒಂದು ಮಾತು: ಕೆರೆತವೇ ಹಗುರ ಪರಮಾಣುಗಳನ್ನು ಮೊದಲು ಹಾರಿಸಿ ಆಕ್ಸೈಡನ್ನು ಅಪಕರ್ಷಿಸುತ್ತದೆ. ಆಮೇಲೆ ಕಾಣುವುದು ನೀವು ತಯಾರಿಸಿದ ಪುಡಿಯಲ್ಲ.

ಟಿಇಎಂನಲ್ಲಿ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, (200) ತಲಗಳ ಗೆರೆಗಳು 0.21, (111) ತಲಗಳವು 0.24 ನ್ಯಾನೋಮೀಟರ್ ಅಂತರದಲ್ಲಿ ಕಾಣುತ್ತವೆ. ಅಂಚಿನಲ್ಲಿ ಗೆರೆಯಿಲ್ಲದ ಮಬ್ಬು ಪದರವೇ ಹೊದಿಕೆ. ಅದರ ದಪ್ಪವನ್ನು ಹತ್ತಾರು ಕಣಗಳಲ್ಲಿ ಅಳೆದು ಮೇಲಿನ ಆಮ್ಲಜನಕದ ಲೆಕ್ಕಕ್ಕೆ ತನ್ನಿ. ಸೂಕ್ಷ್ಮದರ್ಶಕದಲ್ಲೇ ಎಕ್ಸ್-ಕಿರಣದಿಂದ ಧಾತುಗಳನ್ನು ಗುರುತಿಸುವ ಈಡಿಎಸ್ ಅಂಕಿಗಳ ವಿಷಯದಲ್ಲಿ ಮಾತ್ರ ಕಟುವಾಗಿರಬೇಕು. ಸಾರಜನಕದ ಕೆ ಗೆರೆ 392 ಎಲೆಕ್ಟ್ರಾನ್ ವೋಲ್ಟ್, ಟೈಟಾನಿಯಂನ ಒಂದು ಎಲ್ ಗೆರೆ 395. ಆ ಯಂತ್ರಕ್ಕೆ ಇವೆರಡೂ ಒಂದೇ. ವನೇಡಿಯಂನ ಎಲ್ ಗೆರೆ ಹಾಗೆಯೇ ಆಮ್ಲಜನಕದ ಗೆರೆಗೆ ಅಡ್ಡಬರುತ್ತದೆ. ತಂತ್ರಾಂಶ ಎರಡು ದಶಮಾಂಶದವರೆಗೆ ಶೇಕಡಾವಾರು ಬರೆದುಕೊಡುತ್ತದೆ, ಅದನ್ನು ನಂಬುವ ಕಾರಣವಿಲ್ಲ. ಸಾರಜನಕ 401, ಟೈಟಾನಿಯಂ 456, ಆಮ್ಲಜನಕ 532 ಎಲೆಕ್ಟ್ರಾನ್ ವೋಲ್ಟ್ ಎಂದು ಅಂಚುಗಳನ್ನು ಬೇರೆ ಮಾಡಿ ತೋರಿಸುವ ಈಲ್ಸ್ (ಎಲೆಕ್ಟ್ರಾನ್ ಶಕ್ತಿನಷ್ಟದ ರೋಹಿತ) ಸೌಲಭ್ಯ ಇದ್ದರೆ ಅದನ್ನೇ ಬಳಸಿ.

ರಾಮನ್ ರೋಹಿತದಲ್ಲಿ ಸೆಂಟಿಮೀಟರ್‌ಗೆ 144 ತರಂಗಸಂಖ್ಯೆಯ ಚೂಪು ಶೃಂಗ ಕಂಡರೆ ಎಕ್ಸ್‌ಆರ್‌ಡಿಗೆ ಸಿಗದಷ್ಟು ಕಡಿಮೆ ಅನಾಟೇಸ್ (ಟೈಟಾನಿಯಂ ಡೈಆಕ್ಸೈಡಿನ ಒಂದು ಹರಳು ರೂಪ) ಉಳಿದಿದೆ ಎಂದರ್ಥ. ಲೇಸರ್ ಶಕ್ತಿಯನ್ನು ಕನಿಷ್ಠದಲ್ಲಿಡಿ, ಕಪ್ಪು ಪುಡಿ ಅದರಡಿಯೇ ಸುಟ್ಟು ಆಕ್ಸೈಡ್ ಆಗಿಬಿಡಬಹುದು. ಅತಿ ಶೀತದ ಕಾಂತೀಯ ಅಳತೆ ಲಭ್ಯವಿದ್ದವರಿಗೆ ಇನ್ನೊಂದು ಸೊಗಸಾದ ದಾರಿಯಿದೆ. ಟೈಟಾನಿಯಂ ನೈಟ್ರೈಡ್ 5.6 ಕೆಲ್ವಿನ್ ಬಳಿ, ನಯೋಬಿಯಂ ನೈಟ್ರೈಡ್ 16 ಕೆಲ್ವಿನ್ ಬಳಿ ಅತಿವಾಹಕವಾಗುತ್ತವೆ. ಜಾಲಕದಲ್ಲಿ ಆಮ್ಲಜನಕ ಸೇರಿದಂತೆ, ಖಾಲಿ ಸಂದು ಹೆಚ್ಚಿದಂತೆ ಈ ಉಷ್ಣತೆ ಕೆಳಗಿಳಿಯುತ್ತದೆ. ಹೊದಿಕೆಯ ಆಮ್ಲಜನಕಕ್ಕೂ ಒಳಗಿನ ಆಮ್ಲಜನಕಕ್ಕೂ ಇಷ್ಟು ಸ್ಪಷ್ಟವಾಗಿ ಭೇದ ಎಣಿಸುವ ಪರೀಕ್ಷೆಗಳು ಕಡಿಮೆ.

ಫಲಿತಾಂಶ ಕೈಕೊಟ್ಟಾಗ

ಜಾಲಕ ಕುಗ್ಗಿದೆ, ಒಟ್ಟು ಆಮ್ಲಜನಕವೂ ಹೆಚ್ಚು ಎಂದಾದರೆ ಕ್ರಿಯೆ ಅಪೂರ್ಣ: ಪದರ ತೆಳುಮಾಡಿ, ಹರಿವು ಹೆಚ್ಚಿಸಿ, ಆಮೇಲೆಯೇ ಉಷ್ಣತೆ ಏರಿಸುವ ಯೋಚನೆ ಮಾಡಿ. ಜಾಲಕ ಸರಿಯಿದ್ದು ಆಮ್ಲಜನಕ ಮಾತ್ರ ಹೆಚ್ಚಿದ್ದರೆ ಅದು ಹೊದಿಕೆಯದ್ದು; ಕುಲುಮೆಯನ್ನು ದೂರಬೇಡಿ, ಗಾಳಿಗೆ ಒಗ್ಗಿಸುವ ಹಂತವನ್ನು ನಿಧಾನಗೊಳಿಸಿ. ಪ್ರತಿ ಬಾರಿಯೂ ಬೇರೆ ಬೇರೆ ಅಂಕಿ ಬರುತ್ತಿದ್ದರೆ ತೇವ ಹೀರುವ ಕಂಬದ ಗುಳಿಗೆಗಳು ಅಂಟಿಕೊಂಡಿವೆಯೇ ಎಂದು ಮೊದಲು ನೋಡಿ. ಮೇಲ್ಮೈ ವಿಸ್ತೀರ್ಣ ಕುಸಿದಿದ್ದರೆ ಏರಿಕೆಯ ವೇಗವನ್ನು ಅರ್ಧಕ್ಕಿಳಿಸಿ.

ಸಿದ್ಧ ಪುಡಿಯನ್ನು ಆರ್ಗಾನ್ ತುಂಬಿದ, ಬಿಗಿ ಮುಚ್ಚಳದ ಸೀಸೆಯಲ್ಲಿ, ಸಾಧ್ಯವಾದರೆ ಗ್ಲವ್ ಬಾಕ್ಸ್‌ನೊಳಗೆ ಇಡಿ. ಸೀಸೆಯ ಚೀಟಿಯಲ್ಲಿ ಮೂಲವಸ್ತು, ಕುಲುಮೆಯ ಕಾರ್ಯಕ್ರಮ, ಕೊಳವೆಯ ವ್ಯಾಸ, ವಿಸ್ತೀರ್ಣ, ಒಟ್ಟು ಆಮ್ಲಜನಕ, ಗಾಳಿಗೆ ಒಗ್ಗಿಸಿದ ದಿನಾಂಕ ಇರಲಿ. ತೇವಭರಿತ ಗಾಳಿಯಲ್ಲಿ ಹೊದಿಕೆ ತಿಂಗಳುಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಹಳೆಯ ಸೀಸೆಯಿಂದ ಪುಡಿ ತೆಗೆದು ಹೊಸ ಪ್ರಯೋಗಕ್ಕೆ ಬಳಸುವ ಮುನ್ನ ಆಮ್ಲಜನಕದ ಅಳತೆಯನ್ನು ಇನ್ನೊಮ್ಮೆ ಮಾಡಿಸಿ.